ಕಾಂಕ್ರೀಟಿನೊಳಗಿನ ಉಕ್ಕಿಗೆ ಸತುವಿನ ಕವಚ

ಮನುಷ್ಯನು ಕಟ್ಟುವ ಕಟ್ಟಡದಲ್ಲಿ ಕಣ್ಣಿಗೆ ಕಾಣುವ ಭಾಗವೊಂದು, ಕಾಣದ ಭಾಗವೊಂದು. ಕಾಣುವ ಗೋಡೆಗೆ ಜಾತ್ರೆ, ಉತ್ಸವ, ವಾರ್ಷಿಕೋತ್ಸವಗಳ ನೆಪದಲ್ಲಾದರೂ ಸುಣ್ಣಬಣ್ಣದ ಉಪಚಾರ ನಡೆಯುತ್ತದೆ. ಕಾಣದ ಭಾಗವನ್ನು ಮಾತ್ರ ಅದು ತಾನಾಗಿ ಬಿರುಕಿನ ರೂಪದಲ್ಲಿ ಮೈದೋರುವವರೆಗೆ ಯಾರೂ ನೆನೆಯುವುದಿಲ್ಲ. ಇಂದಿನ ಶಾಲೆ, ಪ್ರಸಾದನಿಲಯ, ಆಸ್ಪತ್ರೆ, ಸೇತುವೆ, ನೀರಿನ ತೊಟ್ಟಿ ಇವೆಲ್ಲದರ ಕಾಣದ ಭಾಗವೆಂದರೆ ಕಾಂಕ್ರೀಟಿನೊಳಗೆ ಹುದುಗಿರುವ ಉಕ್ಕಿನ ಸರಳುಗಳು. ಛಾವಣಿಯ ಭಾರವನ್ನು ನಿಜವಾಗಿ ತಡೆದು ನಿಲ್ಲಿಸುವುದರಲ್ಲಿ ಅವುಗಳ ಪಾಲು ಅತಿ ದೊಡ್ಡದು. ಅವು ಕ್ಷೀಣಿಸಿದರೆ ಮೇಲಿನ ಬಣ್ಣ ಎಷ್ಟು ಹೊಸದಾಗಿದ್ದರೂ ಪ್ರಯೋಜನವಿಲ್ಲ.

ಈ ಉಕ್ಕನ್ನು ತುಕ್ಕಿನಿಂದ ಕಾಪಾಡಲು ವಿಜ್ಞಾನಿಗಳು ಕಂಡುಕೊಂಡಿರುವ ಉಪಾಯಗಳಲ್ಲಿ ಒಂದು ಬಹು ಸ್ವಾರಸ್ಯವಾದುದು. ಸತುವೆಂಬ ಲೋಹವನ್ನು ಕರಗಿಸಿ, ಗಾಳಿಯ ರಭಸದಿಂದ ಕಾಂಕ್ರೀಟಿನ ಮೇಲೆ ತುಂತುರಾಗಿ ಎರಚಿ, ತೆಳ್ಳಗಿನ ಹೊದಿಕೆಯನ್ನು ಮಾಡುವುದೇ ಆ ಉಪಾಯ. ಹೊದಿಕೆ ಇರುವುದು ಕಾಂಕ್ರೀಟಿನ ಹೊರಗೆ. ರಕ್ಷಣೆ ದೊರೆಯುವುದು ಒಳಗಿರುವ ಉಕ್ಕಿಗೆ. ಇದು ಹೇಗೆ ಸಾಧ್ಯವೆಂಬುದನ್ನೂ, ಈ ರಕ್ಷಣೆಯ ಮಿತಿಯೇನೆಂಬುದನ್ನೂ, ಕಟ್ಟಡಗಳನ್ನು ಕಟ್ಟಿಸುವವರು ಇದರಿಂದ ತಿಳಿಯಬೇಕಾದುದೇನೆಂಬುದನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಕಾಂಕ್ರೀಟು ಮತ್ತು ಉಕ್ಕಿನ ಸಾಂಗತ್ಯ

ಸಿಮೆಂಟು, ಮರಳು, ಜಲ್ಲಿ, ನೀರು ಇವುಗಳ ಮಿಶ್ರಣವಾದ ಕಾಂಕ್ರೀಟು ಗಟ್ಟಿಯಾದ ಮೇಲೆ ಕಲ್ಲಿನಂತಾಗುತ್ತದೆ. ಕಲ್ಲಿನ ಗುಣದೋಷಗಳೆರಡೂ ಅದಕ್ಕುಂಟು. ಮೇಲಿನಿಂದ ಬೀಳುವ ಒತ್ತಡವನ್ನು ಅದು ಧಾರಾಳವಾಗಿ ಸಹಿಸುತ್ತದೆ, ಎಳೆತವನ್ನು ಸಹಿಸಲಾರದು. ಎರಡು ಗೋಡೆಗಳ ಮೇಲೆ ಅಡ್ಡಲಾಗಿ ಇಟ್ಟ ತೊಲೆಯ ಮೇಲ್ಭಾಗ ಒತ್ತಡಕ್ಕೂ ಕೆಳಭಾಗ ಎಳೆತಕ್ಕೂ ಒಳಗಾಗುವುದರಿಂದ, ಬರಿಯ ಕಾಂಕ್ರೀಟಿನ ತೊಲೆ ಕೆಳಗಿನಿಂದ ಬಿರಿದು ಮುರಿಯುತ್ತದೆ. ಎಳೆತವನ್ನು ತಡೆಯಬಲ್ಲ ಉಕ್ಕಿನ ಸರಳುಗಳನ್ನು ಆ ಭಾಗದಲ್ಲಿ ಹುದುಗಿಸಿದಾಗ ಎರಡೂ ಸೇರಿ ಒಂದೇ ಶರೀರದಂತೆ ವರ್ತಿಸುತ್ತವೆ. ಜನರು ಆರ್.ಸಿ.ಸಿ. ಎಂದು ಕರೆಯುವುದು ಇದನ್ನೇ. ಬಿಸಿಲಿಗೆ ಹಿಗ್ಗುವ, ಚಳಿಗೆ ಕುಗ್ಗುವ ಪ್ರಮಾಣವೂ ಇವೆರಡರಲ್ಲಿ ಹೆಚ್ಚು ಕಡಿಮೆ ಒಂದೇ ಆಗಿರುವುದು ಈ ಸಾಂಗತ್ಯಕ್ಕೆ ಒದಗಿರುವ ದೊಡ್ಡ ಅನುಕೂಲ.

ಮತ್ತೊಂದು ಅನುಕೂಲ ರಸಾಯನಶಾಸ್ತ್ರಕ್ಕೆ ಸೇರಿದ್ದು. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಸುಣ್ಣ ಬಿಡುಗಡೆಯಾಗುತ್ತದೆ. ಆದುದರಿಂದ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ನಿಂತಿರುವ ನೀರು ತೀಕ್ಷ್ಣವಾದ ಕ್ಷಾರಗುಣವನ್ನು ಪಡೆದಿರುತ್ತದೆ. ಅದರ ಪಿ.ಎಚ್. ಅಂಕ ಸುಮಾರು 12.5ರಿಂದ 13ರವರೆಗೆ ಇರುತ್ತದೆ. ಇಂತಹ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಅದರದೇ ಆಕ್ಸೈಡಿನ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ತೆಳುವಾದ ಈ ಪೊರೆ ಅಖಂಡವಾಗಿರುವವರೆಗೆ ಉಕ್ಕಿಗೆ ತುಕ್ಕಿನ ಭಯವಿಲ್ಲ. ಸರಿಯಾಗಿ ಕಟ್ಟಿದ ಕಾಂಕ್ರೀಟು ಹತ್ತಾರು ವರ್ಷ ನಿರಾತಂಕವಾಗಿ ನಿಲ್ಲುವುದರ ರಹಸ್ಯ ಇದೇ ಆಗಿದೆ.

ತುಕ್ಕು ಒಳಹೊಗುವ ಬಗೆ

ಈ ಪೊರೆಗೆ ಇಬ್ಬರು ವೈರಿಗಳು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಮೊದಲನೆಯದು. ಅದು ಕಾಂಕ್ರೀಟಿನ ರಂಧ್ರಗಳ ಮೂಲಕ ಮೆಲ್ಲಮೆಲ್ಲನೆ ಒಳಸರಿದು ಸುಣ್ಣದೊಡನೆ ಕೂಡಿ ಅದನ್ನು ಸುಣ್ಣಕಲ್ಲನ್ನಾಗಿ ಪರಿವರ್ತಿಸುತ್ತದೆ. ಆಗ ಕ್ಷಾರಗುಣ ಇಳಿದು, ಪಿ.ಎಚ್. ಅಂಕ 9ಕ್ಕಿಂತ ಕೆಳಗೆ ಬಂದು, ಪೊರೆ ಕರಗುತ್ತದೆ. ಎರಡನೆಯ ವೈರಿ ಉಪ್ಪು, ಅಂದರೆ ಅದರಲ್ಲಿರುವ ಕ್ಲೋರೈಡು. ಇದು ಮೊದಲನೆಯದಕ್ಕಿಂತ ಉಗ್ರವಾದುದು. ಕ್ಷಾರಗುಣ ಇದ್ದಂತೆಯೇ ಇದ್ದರೂ ಕ್ಲೋರೈಡು ಪೊರೆಯನ್ನು ಅಲ್ಲಲ್ಲಿ ಚುಚ್ಚಿ ತೂತುಮಾಡಬಲ್ಲುದು. ಕಡಲಿನ ತುಂತುರು, ಉಪ್ಪುಗಾಳಿ, ತೊಳೆಯದೆ ಬಳಸಿದ ಕಡಲ ಮರಳು, ಉಪ್ಪುನೀರು ಇವು ಕ್ಲೋರೈಡಿನ ಮೂಲಗಳು. ಹಿಮಪ್ರದೇಶಗಳಲ್ಲಿ ರಸ್ತೆಯ ಮಂಜುಗಡ್ಡೆಯನ್ನು ಕರಗಿಸಲು ಉಪ್ಪನ್ನೇ ಎರಚುವ ಪದ್ಧತಿಯುಂಟು. ಆ ದೇಶಗಳ ಸೇತುವೆಗಳಿಗೆ ಕಡಲು ದೂರವಿದ್ದರೂ ಉಪ್ಪಿನ ಬಾಧೆ ತಪ್ಪಿದ್ದಲ್ಲ.

ಪೊರೆ ಹರಿದ ಬಳಿಕ ನಡೆಯುವ ಕ್ರಿಯೆ ವಿದ್ಯುತ್ತಿಗೆ ಸಂಬಂಧಿಸಿದ್ದು. ಒಂದೇ ಸರಳಿನ ಒಂದು ಎಡೆಯಲ್ಲಿ ಕಬ್ಬಿಣವು ಎಲೆಕ್ಟ್ರಾನುಗಳೆಂಬ ವಿದ್ಯುತ್ಕಣಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತದೆ. ಆ ಕಣಗಳು ಸರಳಿನ ಮೂಲಕವೇ ಹರಿದು ಮತ್ತೊಂದು ಎಡೆಯನ್ನು ಸೇರಿದಾಗ, ಅಲ್ಲಿ ಆಮ್ಲಜನಕವೂ ನೀರೂ ಅವನ್ನು ಸ್ವೀಕರಿಸುತ್ತವೆ. ಕರಗುವ ಎಡೆಯನ್ನು ಶಾಸ್ತ್ರಜ್ಞರು ಆನೋಡು ಎಂದೂ, ಕರಗದೆ ಉಳಿಯುವ ಎಡೆಯನ್ನು ಕ್ಯಾಥೋಡು ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಇವನ್ನು ಸವೆಯುವ ಕಡೆ, ಉಳಿಯುವ ಕಡೆ ಎಂದು ತಿಳಿದುಕೊಂಡರೆ ವಿಷಯ ಸುಲಭವಾಗುತ್ತದೆ. ಹೀಗೆ ಹುಟ್ಟಿದ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಸ್ಥಳವನ್ನು ಬೇಡುತ್ತದೆ. ಕಾಂಕ್ರೀಟಿನೊಳಗೆ ಆ ಸ್ಥಳವೆಲ್ಲಿಯದು? ಒಳಗಿನಿಂದ ಒತ್ತಿದ ಒತ್ತಡಕ್ಕೆ ಕಾಂಕ್ರೀಟು ಸರಳಿನ ಉದ್ದಕ್ಕೂ ಬಿರಿಯುತ್ತದೆ, ಹಕ್ಕಳೆಯಾಗಿ ಉದುರುತ್ತದೆ. ಬಿರುಕಿನಲ್ಲಿ ನೀರೂ ಗಾಳಿಯೂ ಮತ್ತಷ್ಟು ಸುಲಭವಾಗಿ ನುಗ್ಗಿ ರೋಗವು ಉಲ್ಬಣಿಸುತ್ತದೆ.

ಉದುರಿದ ಕಡೆ ಹೊಸ ಗಾರೆಯನ್ನು ಮೆತ್ತುವುದು ಎಲ್ಲರೂ ಮಾಡುವ ಚಿಕಿತ್ಸೆ. ಉಪ್ಪು ಸೇರಿದ ಕಟ್ಟಡದಲ್ಲಿ ಇದು ಎಷ್ಟೋ ವೇಳೆ ವಿಪರೀತ ಫಲವನ್ನೇ ಕೊಡುತ್ತದೆ. ತೇಪೆ ಹಾಕಿದ ಭಾಗದ ಉಕ್ಕು ಉಳಿಯುವ ಕಡೆಯಾಗಿ, ಅದರ ಅಂಚಿನಲ್ಲಿ ಹಳೆಯ ಉಪ್ಪಿನ ಕಾಂಕ್ರೀಟಿನೊಳಗಿರುವ ಉಕ್ಕು ಸವೆಯುವ ಕಡೆಯಾಗುತ್ತದೆ. ಕೆಲವೇ ವರ್ಷಗಳಲ್ಲಿ ತೇಪೆಯ ಸುತ್ತ ಹೊಸ ಬಿರುಕು ಕಾಣಿಸಿಕೊಳ್ಳುತ್ತದೆ. ಆದುದರಿಂದ ಇಡೀ ಉಕ್ಕನ್ನೇ ಉಳಿಯುವ ಕಡೆಯನ್ನಾಗಿ ಮಾಡಿ, ಸವೆಯುವ ಕೆಲಸವನ್ನು ಬೇರೊಂದು ಲೋಹಕ್ಕೆ ವಹಿಸಿಕೊಡುವುದು ಹೆಚ್ಚು ಸಮರ್ಪಕವಾದ ಮಾರ್ಗವೆಂದು ವಿಜ್ಞಾನಿಗಳು ಮನಗಂಡರು.

ಡೇವಿಯ ಪ್ರಯೋಗ

ಈ ವಿಚಾರ ಕಾಂಕ್ರೀಟು ಕಟ್ಟಡಗಳಿಗಿಂತ ಹಳೆಯದು. ಇಂಗ್ಲೆಂಡಿನ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಸರ್ ಹಂಫ್ರಿ ಡೇವಿ 1824ರಲ್ಲಿ ಇದನ್ನು ಪ್ರಕಟಪಡಿಸಿದನು. ಆ ಕಾಲದ ಬ್ರಿಟಿಷ್ ಯುದ್ಧನೌಕೆಗಳ ಮರದ ತಳಕ್ಕೆ ತಾಮ್ರದ ತಗಡನ್ನು ಹೊದಿಸುತ್ತಿದ್ದರು. ಕಡಲ ನೀರಿನಲ್ಲಿ ತಾಮ್ರ ಬೇಗ ಸವೆದುಹೋಗುತ್ತಿತ್ತು. ತಾಮ್ರಕ್ಕೆ ಸತು ಅಥವಾ ಕಬ್ಬಿಣದ ಸಣ್ಣ ತುಂಡುಗಳನ್ನು ಜೋಡಿಸಿದರೆ ಆ ತುಂಡುಗಳೇ ಸವೆದು ತಾಮ್ರ ಉಳಿಯುವುದೆಂದು ಡೇವಿ ತೋರಿಸಿದನು. ಲೋಹಗಳಲ್ಲಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಸ್ವಭಾವ ಒಂದೊಂದಕ್ಕೆ ಒಂದೊಂದು ಪ್ರಮಾಣದಲ್ಲಿರುತ್ತದೆ. ಪ್ರಮಾಣಬದ್ಧ ಅಳತೆಯಲ್ಲಿ ತಾಮ್ರದ ವಿದ್ಯುದ್ವಿಭವ ಸೊನ್ನೆಗಿಂತ 0.34 ವೋಲ್ಟ್ ಮೇಲೆ. ತವರದ್ದು ಸೊನ್ನೆಗಿಂತ 0.14 ಕೆಳಗೆ, ಕಬ್ಬಿಣದ್ದು 0.44 ಕೆಳಗೆ, ಸತುವಿನದು 0.76 ಕೆಳಗೆ. ಎರಡು ಲೋಹಗಳು ಒಂದಕ್ಕೊಂದು ತಗುಲಿಕೊಂಡು ಒಂದೇ ನೀರಿನಲ್ಲಿದ್ದಾಗ, ಸಾಮಾನ್ಯವಾಗಿ ಕೆಳಗಿನ ವಿಭವದ್ದು ಸವೆದು ಮೇಲಿನದನ್ನು ಕಾಯುತ್ತದೆ.

ಡೇವಿಯ ಪ್ರಯೋಗದಲ್ಲಿ ಒಂದು ಅನಿರೀಕ್ಷಿತ ಫಲವೂ ಉಂಟಾಯಿತು. ತಾಮ್ರ ಸ್ವಲ್ಪ ಸ್ವಲ್ಪವಾಗಿ ಕರಗುತ್ತಿದ್ದಾಗ ಅದರ ವಿಷಗುಣದಿಂದ ಕಡಲ ಚಿಪ್ಪುಜೀವಿಗಳೂ ಪಾಚಿಯೂ ಹಡಗಿನ ತಳಕ್ಕೆ ಅಂಟುತ್ತಿರಲಿಲ್ಲ. ತಾಮ್ರದ ಕರಗುವಿಕೆ ನಿಂತೊಡನೆ ಅವು ದಟ್ಟವಾಗಿ ಬೆಳೆದು ಹಡಗಿನ ವೇಗವನ್ನು ಕುಗ್ಗಿಸಿದವು. ನೌಕಾದಳವು ಈ ರಕ್ಷಕಗಳನ್ನು ಕೈಬಿಟ್ಟಿತು. ಸಿದ್ಧಾಂತ ಸತ್ಯವಾಗಿದ್ದರೂ ಅದನ್ನು ಎಲ್ಲಿ, ಎಷ್ಟು ಪ್ರಮಾಣದಲ್ಲಿ ಪ್ರಯೋಗಿಸಬೇಕೆಂಬ ವಿವೇಕ ಬೇರೆಯೇ ಬೇಕೆಂಬುದಕ್ಕೆ ಇದು ನಿದರ್ಶನ.

ಕಲಾಯಿ ಮತ್ತು ಸತು

ಲೋಹಕ್ಕೆ ಲೋಹವನ್ನು ಹೊದಿಸುವ ಕ್ರಿಯೆ ನಮ್ಮ ಜನರಿಗೆ ಹೊಸದಲ್ಲ. ತಾಮ್ರ ಹಿತ್ತಾಳೆಗಳ ಪಾತ್ರೆಗೆ ತವರದ ಕಲಾಯಿ ಹಾಕಿಸುವುದು ಮನೆಮನೆಯ ಪದ್ಧತಿಯಾಗಿದ್ದಿತು. ಕಲಾಯಿಯ ಉದ್ದೇಶ ಹುಳಿ ಪದಾರ್ಥವು ತಾಮ್ರಕ್ಕೆ ತಗುಲದಂತೆ ತಡೆಯುವುದು. ಇದು ಮರೆಯ ರಕ್ಷಣೆ. ಮರೆ ಹರಿದರೆ ರಕ್ಷಣೆಯೂ ಹರಿಯಿತು. ತವರವನ್ನು ಕಬ್ಬಿಣದ ತಗಡಿಗೆ ಹೊದಿಸಿದ ಡಬ್ಬಗಳಲ್ಲಿ ಈ ದೋಷ ಸ್ಪಷ್ಟವಾಗಿ ಕಾಣುತ್ತದೆ. ತವರದ ವಿಭವ ಕಬ್ಬಿಣದ್ದಕ್ಕಿಂತ ಮೇಲಿರುವುದರಿಂದ, ಬಯಲಿನ ಗಾಳಿ ಮಳೆಗಳಲ್ಲಿ ಹೊದಿಕೆ ಗೀಚಿಹೋದ ಜಾಗದಲ್ಲಿ ಕಬ್ಬಿಣವೇ ಸವೆಯುವ ಕಡೆಯಾಗಿ ಬೇಗ ತುಕ್ಕು ಹಿಡಿಯುತ್ತದೆ.

ಸತುವಿನ ರೀತಿ ಬೇರೆ. ಸತು ಹೊದಿಸಿದ ಬಕೆಟ್ಟಿನ ಮೇಲೆ ಗೀರು ಬಿದ್ದರೂ ಆ ಗೀರಿನೊಳಗಿನ ಕಬ್ಬಿಣ ಕೂಡಲೇ ತುಕ್ಕು ಹಿಡಿಯುವುದಿಲ್ಲ. ಸುತ್ತಲಿನ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಇದನ್ನು ಆತ್ಮಾರ್ಪಣೆಯ ರಕ್ಷಣೆ ಎನ್ನಬಹುದು. ಈ ಲೋಹದೊಡನೆ ಭಾರತಕ್ಕೆ ಬಹು ಹಳೆಯ ನಂಟುಂಟು. ಸತುವು 907 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಆವಿಯಾಗಿಬಿಡುವುದರಿಂದ ಅದಿರಿನಿಂದ ಅದನ್ನು ಬೇರ್ಪಡಿಸುವುದು ಕಷ್ಟಸಾಧ್ಯ. ರಾಜಸ್ಥಾನದ ಉದಯಪುರದ ಬಳಿಯ ಜಾವರ್ ಎಂಬಲ್ಲಿ ಆ ಆವಿಯನ್ನು ಮಣ್ಣಿನ ಮೂಸೆಗಳಿಂದ ಕೆಳಮುಖವಾಗಿ ಇಳಿಸಿ ತಣಿಸುವ ಕುಲುಮೆಗಳ ಅವಶೇಷಗಳು ದೊರೆತಿವೆ. ಬ್ರಿಸ್ಟಲ್ ನಗರದ ವಿಲಿಯಂ ಚಾಂಪಿಯನ್ 1738ರಲ್ಲಿ ಇಂಗ್ಲೆಂಡಿನಲ್ಲಿ ಸತು ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆಯುವುದಕ್ಕೆ ಶತಮಾನಗಳ ಮೊದಲೇ ಜಾವರಿನ ಕುಲುಮೆಗಳು ಉರಿಯುತ್ತಿದ್ದವು.

ಲೋಹವನ್ನು ಎರಚುವ ವಿಧಾನ

ಬಕೆಟ್ಟನ್ನು ಕರಗಿದ ಸತುವಿನಲ್ಲಿ ಅದ್ದಬಹುದು, ಸೇತುವೆಯನ್ನು ಅದ್ದಲಾಗದು. ಈ ತೊಡಕನ್ನು ಬಿಡಿಸಿದ್ದು ಲೋಹಸಿಂಚನ ವಿಧಾನ. ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಶೂಪ್ ಎಂಬಾತನು 1910ರ ಆಸುಪಾಸಿನಲ್ಲಿ ಇದನ್ನು ಬಳಕೆಗೆ ತಂದನು. ಈಗ ಹೆಚ್ಚಾಗಿ ಬಳಸುವ ಯಂತ್ರದಲ್ಲಿ ಎರಡು ಸತುವಿನ ತಂತಿಗಳನ್ನು ಎರಡು ಕಡೆಯಿಂದ ಮುಂದೆ ಸರಿಸುತ್ತಾರೆ. ಅವುಗಳ ತುದಿ ಕೂಡುವಲ್ಲಿ ವಿದ್ಯುತ್ತಿನ ಕಿಡಿಜ್ವಾಲೆ ಹೊತ್ತಿ ತಂತಿ ಕರಗುತ್ತದೆ. ಸತು 420 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಕರಗುವ ಲೋಹವಾದುದರಿಂದ ಇದು ಸುಲಭ. ಹಿಂದಿನಿಂದ ರಭಸವಾಗಿ ಬರುವ ಒತ್ತುಗಾಳಿ ಆ ದ್ರವವನ್ನು ಸೂಕ್ಷ್ಮ ಹನಿಗಳನ್ನಾಗಿ ಒಡೆದು ಕಾಂಕ್ರೀಟಿನ ಮೇಲೆ ಬಡಿಯುತ್ತದೆ. ಹನಿಗಳು ಬಡಿದೊಡನೆ ಚಪ್ಪಟೆಯಾಗಿ, ತಣ್ಣಗಾಗಿ, ಒಂದರ ಮೇಲೊಂದು ಕೂತು ಹೊದಿಕೆಯಾಗುತ್ತವೆ. ಹೊದಿಕೆಯ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಒಳಗೆ, ಇಲ್ಲವೆ ಅಷ್ಟರ ಆಸುಪಾಸಿನಲ್ಲಿರುತ್ತದೆ.

ಎರಚುವ ಕೆಲಸಕ್ಕಿಂತ ಅದರ ಪೂರ್ವಸಿದ್ಧತೆ ದೊಡ್ಡದು. ಟೊಳ್ಳಾದ, ಸಡಿಲಾದ ಕಾಂಕ್ರೀಟನ್ನೆಲ್ಲ ತೆಗೆದು ಹೊಸದನ್ನು ತುಂಬಬೇಕು. ಒಳಗಿನ ಸರಳುಗಳೆಲ್ಲ ಒಂದಕ್ಕೊಂದು ವಿದ್ಯುತ್ ಸಂಪರ್ಕದಲ್ಲಿವೆಯೇ ಎಂದು ಪರೀಕ್ಷಿಸಬೇಕು. ಸಂಪರ್ಕ ತಪ್ಪಿದ ಸರಳಿಗೆ ರಕ್ಷಣೆ ದೊರೆಯದು. ವಿದ್ಯುತ್ತನ್ನು ಹೊರಗಿನಿಂದ ಒದಗಿಸುವ ಪಕ್ಷದಲ್ಲಿ, ಮೇಲ್ಮೈಯಲ್ಲಿ ಚಾಚಿರುವ ಕಟ್ಟುತಂತಿ, ಮೊಳೆಗಳನ್ನು ಕತ್ತರಿಸಿ ಮುಚ್ಚಬೇಕು. ಇಲ್ಲವಾದರೆ ವಿದ್ಯುತ್ತು ಕಾಂಕ್ರೀಟಿನ ಮೂಲಕ ಹಾಯದೆ ಅಡ್ಡದಾರಿ ಹಿಡಿಯುತ್ತದೆ. ಆಮೇಲೆ ಗಟ್ಟಿ ಕಣಗಳನ್ನು ರಭಸದಿಂದ ಊದಿ ಮೇಲ್ಮೈಯನ್ನು ಒರಟು ಮಾಡಿದರೆ ಸತು ಹಿಡಿದು ನಿಲ್ಲುತ್ತದೆ. ಸತುವಿನ ಹೊಗೆಯನ್ನು ಉಸಿರಾಡಿದವರಿಗೆ ಜ್ವರ ಬರುವುದರಿಂದ ಕೆಲಸಗಾರರಿಗೆ ಮುಖಕವಚವೂ ಶುದ್ಧ ಗಾಳಿಯೂ ಅತ್ಯವಶ್ಯ.

ಹೀಗೆ ಸಿದ್ಧವಾದ ಹೊದಿಕೆಯನ್ನು ಎರಡು ರೀತಿಯಲ್ಲಿ ದುಡಿಸಬಹುದು. ಸತುವಿನ ಹೊದಿಕೆಗೂ ಒಳಗಿನ ಉಕ್ಕಿಗೂ ನೇರವಾಗಿ ಲೋಹಸಂಪರ್ಕ ಕಲ್ಪಿಸುವುದು ಒಂದು ರೀತಿ. ಕಾಂಕ್ರೀಟಿನ ರಂಧ್ರಗಳಲ್ಲಿರುವ ತೇವವೇ ಎರಡರ ನಡುವಿನ ದಾರಿಯಾಗಿ ಸತು ತಾನಾಗಿ ಸವೆಯುತ್ತ ಉಕ್ಕನ್ನು ಕಾಯುತ್ತದೆ. ಇದಕ್ಕೆ ಹೊರಗಿನ ವಿದ್ಯುತ್ತು ಬೇಡ. ಇನ್ನೊಂದು ರೀತಿಯಲ್ಲಿ, ಏಕಮುಖ ವಿದ್ಯುತ್ತನ್ನು ಕೊಡುವ ಪೆಟ್ಟಿಗೆಯ ಧನ ತುದಿಯನ್ನು ಸತುವಿಗೂ ಋಣ ತುದಿಯನ್ನು ಉಕ್ಕಿಗೂ ಜೋಡಿಸಿ, ಬೇಕಾದಷ್ಟು ವಿದ್ಯುತ್ತನ್ನು ಒತ್ತಾಯದಿಂದ ಹರಿಸುತ್ತಾರೆ. ಬೇಕಾಗುವುದು ಅತ್ಯಲ್ಪ: ಒಂದು ಚದರ ಮೀಟರಿಗೆ ಕೆಲವೇ ಮಿಲಿಆಂಪಿಯರು.

ಆರೆಗನ್ ಕರಾವಳಿಯ ಸೇತುವೆಗಳು

ಈ ವಿಧಾನ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾದುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಕಾಂಕ್ರೀಟು ಸೇತುವೆಗೆ ವಿದ್ಯುತ್ತಿನ ರಕ್ಷಣೆಯನ್ನು ಮೊದಲು ಅಳವಡಿಸಿದ್ದು ಕ್ಯಾಲಿಫೋರ್ನಿಯದ ಸ್ಲೈ ಪಾರ್ಕ್ ಸೇತುವೆಯಲ್ಲಿ, 1973ರಲ್ಲಿ. ಎರಚಿದ ಸತುವಿನ ಪ್ರಯೋಗ ಅದೇ ರಾಜ್ಯದಲ್ಲಿ 1983ರಲ್ಲಿ ರಿಚ್ಮಂಡ್–ಸಾನ್ ರಫೆಲ್ ಸೇತುವೆಯ ಮೇಲೆ ನಡೆಯಿತು. ಆದರೆ ಅದರ ಪೂರ್ಣ ಕಥೆಯನ್ನು ತಿಳಿಯಲು ನೆರೆಯ ಆರೆಗನ್ ರಾಜ್ಯಕ್ಕೆ ಹೋಗಬೇಕು.

ಆರೆಗನ್ ರಾಜ್ಯದ ಪಶ್ಚಿಮಕ್ಕೆ ಶಾಂತ ಮಹಾಸಾಗರ. ಕಾಂಡೆ ಮೆಕಲಾ (1887–1946) ಎಂಬ ಇಂಜಿನಿಯರು ಆ ತೀರದ ಹೆದ್ದಾರಿಗೆ ಕಮಾನುಗಳ ಸುಂದರ ಸೇತುವೆಗಳನ್ನು ರೂಪಿಸಿದನು. ಕೇಪ್ ಕ್ರೀಕ್ ಎಂಬ ಹೊಳೆಗೆ 1932ರಲ್ಲಿ ಕಟ್ಟಿದ ಸೇತುವೆಯು ಎರಡು ಅಂತಸ್ತಿನ ಕಮಾನುಗಳಿಂದ ರೋಮನರ ಕಾಲುವೆಸೇತುವೆಯನ್ನು ನೆನಪಿಗೆ ತರುತ್ತದೆ. 1936ರಲ್ಲಿ ಯಕ್ವಿನಾ ಕೊಲ್ಲಿ, ಆಲ್ಸಿ ಕೊಲ್ಲಿ ಮುಂತಾದ ಐದು ಕಡೆ ದೊಡ್ಡ ಸೇತುವೆಗಳು ಸಿದ್ಧವಾದವು. ಅವುಗಳಿಂದಾಗಿ ಹೊಳೆ ಕೊಲ್ಲಿಗಳನ್ನು ದೋಣಿಯಲ್ಲಿ ದಾಟಬೇಕಾಗಿದ್ದ ಜನರಿಗೆ ಅಖಂಡವಾದ ರಸ್ತೆ ದೊರೆಯಿತು.

ಆ ಸೌಂದರ್ಯಕ್ಕೆ ಕಡಲಗಾಳಿಯೇ ಶತ್ರುವಾಯಿತು. ಮಳೆ ಬೀಳುವ ಮೇಲ್ಭಾಗದಲ್ಲಿ ಉಪ್ಪು ತೊಳೆದುಹೋಗುತ್ತಿತ್ತು. ಮಳೆ ತಾಗದ ತಳಭಾಗದಲ್ಲಿ ಅದು ವರ್ಷ ವರ್ಷವೂ ಕೂಡುತ್ತ ಹೋಯಿತು. ಆಲ್ಸಿ ಕೊಲ್ಲಿಯ ಸೇತುವೆಯು ದುರಸ್ತಿಗೆ ನಿಲುಕದಷ್ಟು ಶಿಥಿಲವಾಗಿ, 1991ರಲ್ಲಿ ಅದರ ಸ್ಥಾನದಲ್ಲಿ ಹೊಸ ಸೇತುವೆ ತೆರೆಯಿತು, ಹಳೆಯದನ್ನು ಕೆಡವಿದರು. ಜನರು ಪ್ರೀತಿಸಿದ ಶಿಲ್ಪವೊಂದು ಅರುವತ್ತು ವರ್ಷವೂ ತುಂಬದೆ ಇಲ್ಲವಾಯಿತು. ಉಳಿದವುಗಳಿಗೆ ಈ ಗತಿ ಬಾರದಿರಲೆಂದು ರಾಜ್ಯದ ಸಾರಿಗೆ ಇಲಾಖೆ 1990ರ ದಶಕದ ಆರಂಭದಲ್ಲಿ ಕೇಪ್ ಕ್ರೀಕ್ ಸೇತುವೆಗೆ ಸತುವನ್ನು ಎರಚಿಸಿತು. ಒಂಬತ್ತು ಸಾವಿರ ಚದರ ಮೀಟರಿಗೂ ಮಿಕ್ಕ ಮೇಲ್ಮೈಗೆ ಅರ್ಧ ಮಿಲಿಮೀಟರಿನಷ್ಟು ದಪ್ಪದ ಹೊದಿಕೆ ಬಿದ್ದಿತು. ಸತುವಿನ ಧೂಳು ಹೊಳೆಗೂ ಕಡಲಿಗೂ ಬೀಳದಂತೆ ಕೆಲಸದ ಭಾಗವನ್ನೆಲ್ಲ ಮುಚ್ಚಿ ಅದರೊಳಗೆ ದುಡಿದರು. ಮುಂದೆ ಯಕ್ವಿನಾ ಕೊಲ್ಲಿ, ಡಿಪೋ ಕೊಲ್ಲಿ, ರೋಗ್ ನದಿ ಮುಂತಾದ ಸೇತುವೆಗಳಿಗೂ ಇದೇ ಚಿಕಿತ್ಸೆ ದೊರೆಯಿತು. ಕಾಂಕ್ರೀಟಿನ ಬೂದುಬಣ್ಣಕ್ಕೂ ಸತುವಿನ ಬೂದುಬಣ್ಣಕ್ಕೂ ಹೆಚ್ಚು ಭೇದವಿಲ್ಲದ ಕಾರಣ ಕಮಾನುಗಳ ರೂಪ ಕೆಡಲಿಲ್ಲ.

ದಕ್ಷಿಣದ ಫ್ಲಾರಿಡ ರಾಜ್ಯದ ಅನುಭವ ಇದಕ್ಕೆ ಪೂರಕವಾಗಿದೆ. ಅಲ್ಲಿನ ಕೀಸ್ ದ್ವೀಪಮಾಲೆಯ ಸೇತುವೆಗಳಲ್ಲಿ ಎಪಾಕ್ಸಿ ಎಂಬ ರಾಳದ ಲೇಪ ಬಳಿದ ಸರಳುಗಳನ್ನು ಬಳಸಿದ್ದರು. ಲೇಪವಿದ್ದರೂ ಹತ್ತು ವರ್ಷ ತುಂಬುವ ಮುನ್ನವೇ, 1980ರ ದಶಕದಲ್ಲಿ, ಕೆಲವು ಕಂಬಗಳಲ್ಲಿ ತುಕ್ಕು ಕಾಣಿಸಿಕೊಂಡಿತು. ಮರೆಯ ರಕ್ಷಣೆ ಹರಿದಲ್ಲಿ ಆತ್ಮಾರ್ಪಣೆಯ ರಕ್ಷಣೆಯನ್ನು ಕೊಡಲು ಅಲ್ಲಿಯ ಇಂಜಿನಿಯರುಗಳು ಸತುವನ್ನು ಎರಚಿದರು. ಬೆಚ್ಚಗಿನ, ತೇವವಾದ ಆ ಹವೆಯಲ್ಲಿ ಹೊರಗಿನ ವಿದ್ಯುತ್ತಿಲ್ಲದೆಯೇ ಸತು ಕೆಲಸಮಾಡಿತು.

ರಕ್ಷಣೆಯ ಮಿತಿ

ಈ ಕವಚ ಶಾಶ್ವತವಲ್ಲ. ಸವೆಯುವುದೇ ಅದರ ಧರ್ಮ. ಒಂದು ಚದರ ಮೀಟರಿನ ಮೇಲೆ ಅರ್ಧ ಮಿಲಿಮೀಟರು ದಪ್ಪದ ಅಪ್ಪಟ ಸತು ಸುಮಾರು 3.5 ಕಿಲೋಗ್ರಾಂ ತೂಗುತ್ತದೆ. ಒಂದು ಆಂಪಿಯರು ವಿದ್ಯುತ್ತು ಒಂದು ವರ್ಷ ಹರಿದರೆ 10.7 ಕಿಲೋಗ್ರಾಂ ಸತು ಕರಗುತ್ತದೆ. ಚದರ ಮೀಟರಿಗೆ 10 ಮಿಲಿಆಂಪಿಯರು ಹರಿಯುವುದಾದರೆ ವರ್ಷಕ್ಕೆ ಕರಗುವುದು 107 ಗ್ರಾಂ. ಆ ಲೆಕ್ಕದಲ್ಲಿ ಹೊದಿಕೆ ಮೂವತ್ತೆರಡು–ಮೂವತ್ತಮೂರು ವರ್ಷ ಬರಬೇಕು. ಎರಚಿದ ಸತುವಿನಲ್ಲಿ ರಂಧ್ರಗಳಿರುವುದರಿಂದ ತೂಕ ಕಡಿಮೆ. ಮಳೆ ಗಾಳಿಗಳೂ ಅದನ್ನು ತಿನ್ನುತ್ತವೆ. ಆದುದರಿಂದ ವಾಸ್ತವದ ಆಯುಸ್ಸು ಲೆಕ್ಕಕ್ಕಿಂತ ಕಡಿಮೆಯಾಗುತ್ತದೆ.

ಸತು ಮುಗಿಯುವ ಮೊದಲೇ ಅದರ ಹಿಡಿತ ಸಡಿಲಾಗುವುದೂ ಉಂಟು. ಕರಗಿದ ಸತು ಎಲ್ಲಿಗೂ ಹೋಗದೆ ಹೊದಿಕೆಗೂ ಕಾಂಕ್ರೀಟಿಗೂ ನಡುವೆ ಹೊಸ ಪದಾರ್ಥವಾಗಿ ಕೂಡಿಕೊಳ್ಳುತ್ತದೆ. ಮೊದಮೊದಲು ಅದು ಅಂಟಿನಂತೆ ಸಹಾಯಮಾಡಿದರೂ, ಕಾಲಕ್ರಮದಲ್ಲಿ ದಪ್ಪವಾಗಿ ವಿದ್ಯುತ್ತಿನ ದಾರಿಯನ್ನು ತಡೆಯುತ್ತದೆ, ಹೊದಿಕೆಯನ್ನು ಮೇಲೆಬ್ಬಿಸುತ್ತದೆ. ಒಣಹವೆಯಲ್ಲಿ ಸತು ನಿದ್ರಿಸಿದಂತೆ ಸುಮ್ಮನಾಗುತ್ತದೆ. ಅದನ್ನು ತೇವವಾಗಿಡಲು ಲಿಥಿಯಂ ಲವಣಗಳನ್ನು ಸವರುವ ಪ್ರಯೋಗವನ್ನು ಆರೆಗನ್ನಿನ ಆಲ್ಬನಿ ಸಂಶೋಧನಾ ಕೇಂದ್ರದವರು ನಡೆಸಿದರು. ಸತುವಿಗಿಂತ ಚುರುಕಾದ, ಅಲ್ಯೂಮಿನಿಯಮ್ಮಿಗೆ ಸತುವನ್ನೂ ಅತ್ಯಲ್ಪ ಇಂಡಿಯಮ್ಮನ್ನೂ ಬೆರೆಸಿದ ಮಿಶ್ರಲೋಹವನ್ನೂ ಇದಕ್ಕಾಗಿಯೇ ಸಿದ್ಧಪಡಿಸಿದ್ದಾರೆ.

ಅತಿರಕ್ಷಣೆಯೂ ಅಪಾಯವೇ. ಹೊರಗಿನ ವಿದ್ಯುತ್ತನ್ನು ಮಿತಿಮೀರಿ ಹರಿಸಿದರೆ ಉಕ್ಕಿನ ಮೇಲೆ ಜಲಜನಕ ಹುಟ್ಟುತ್ತದೆ. ಸಾಧಾರಣ ಸರಳಿಗೆ ಇದರಿಂದ ಹೆಚ್ಚು ಬಾಧೆಯಿಲ್ಲದಿದ್ದರೂ, ಮೊದಲೇ ಬಿಗಿದೆಳೆದಿಟ್ಟಿರುವ ಉನ್ನತ ಬಲದ ಉಕ್ಕಿನ ತಂತಿಗಳು ಬೆಂಡಾಗಿ ಮುನ್ಸೂಚನೆಯಿಲ್ಲದೆ ತುಂಡಾಗಬಹುದು. ಆದುದರಿಂದ ಒಳಗೆ ಅಳತೆಯ ಸಾಧನಗಳನ್ನಿಟ್ಟು ಆಗಾಗ ನೋಡುತ್ತಿರಬೇಕು. ವಿದ್ಯುತ್ತನ್ನು ನಿಲ್ಲಿಸಿದ ಮೇಲೆ ಉಕ್ಕಿನ ವಿಭವ ಕಡಮೆಪಕ್ಷ 100 ಮಿಲಿವೋಲ್ಟಿನಷ್ಟು ಹಿಂದಕ್ಕೆ ಸರಿದರೆ ರಕ್ಷಣೆ ಸಾಕಷ್ಟಿತ್ತೆಂದು ಇಂಜಿನಿಯರುಗಳು ನಿರ್ಣಯಿಸುತ್ತಾರೆ. ನೋಡುವವರಿಲ್ಲದ ಪೆಟ್ಟಿಗೆ ಎಂದೋ ಕೆಟ್ಟುನಿಂತರೆ ಒಳಗಿನ ಉಕ್ಕು ಮತ್ತೆ ಅನಾಥವಾಗುತ್ತದೆ.

ನಮ್ಮ ನಾಡಿಗೆ ಅನ್ವಯ

ದೂರದೇಶದ ಈ ವಿಚಾರ ನಮಗೂ ಸಂಬಂಧಪಟ್ಟುದು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ನದಿಯೇ ಗೋವೆಯಲ್ಲಿ ಮಾಂಡೋವಿಯೆನಿಸಿ ಕಡಲನ್ನು ಸೇರುತ್ತದೆ. ಪಣಜಿಯ ಬಳಿ ಅದರ ಮೇಲೆ 1970ರಲ್ಲಿ ಸಿದ್ಧವಾದ ಸೇತುವೆ 1986ರ ಜುಲೈ ತಿಂಗಳಲ್ಲಿ ಕುಸಿದುಬಿದ್ದಿತು. ಅದರೊಳಗಿನ ಬಿಗಿತದ ಉಕ್ಕು ತುಕ್ಕಿಗೆ ತುತ್ತಾಗಿದ್ದುದು ಆ ಕುಸಿತದ ಪ್ರಮುಖ ಕಾರಣ. ಹದಿನಾರು ವರ್ಷ ಕಾಂಕ್ರೀಟಿಗೆ ಬಾಲ್ಯವೆನ್ನಬೇಕು. ಕಾರವಾರದಿಂದ ಮಂಗಳೂರಿನವರೆಗೆ ಹಬ್ಬಿರುವ ಕನ್ನಡ ಕರಾವಳಿಯ ಗಾಳಿಯಲ್ಲಿಯೂ ಅದೇ ಅರಬ್ಬೀ ಸಮುದ್ರದ ಉಪ್ಪಿದೆ ಎಂಬುದನ್ನು ಮರೆಯಲಾಗದು.

ಬಯಲುಸೀಮೆಯ ಶಾಲಾಕಟ್ಟಡಗಳಿಗೆ ಸತುವನ್ನು ಎರಚಿಸಬೇಕಾದ ಪ್ರಸಂಗ ಸಾಧಾರಣವಾಗಿ ಬಾರದು. ಅದು ಕಡಲತೀರದ ಸೇತುವೆ, ಬಂದರುಗಳಿಗೆ ತಕ್ಕ, ವೆಚ್ಚದ ಚಿಕಿತ್ಸೆ. ಆದರೆ ರೋಗದ ಮೂಲವನ್ನು ಅರಿತವರಿಗೆ ಅಗ್ಗದ ಪಥ್ಯವೂ ತಿಳಿಯುತ್ತದೆ. ಸರಳಿನ ಮೇಲಿರುವ ಕಾಂಕ್ರೀಟಿನ ಹೊದಿಕೆಯೇ ಮೊದಲ ಕವಚ. 2000ದಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ 456 ಈ ಹೊದಿಕೆಯನ್ನು ಸೌಮ್ಯ ಪರಿಸರದಲ್ಲಿ 20 ಮಿಲಿಮೀಟರು, ಮಧ್ಯಮದಲ್ಲಿ 30, ತೀವ್ರದಲ್ಲಿ 45, ಅತಿತೀವ್ರದಲ್ಲಿ 50, ಪರಮತೀವ್ರದಲ್ಲಿ 75 ಮಿಲಿಮೀಟರು ಎಂದು ವಿಧಿಸಿತು. ಸಾಧಾರಣ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕೆಂದೂ ಅದು ಹೇಳಿತು. ಬಿಸಿಲು ಹೆಚ್ಚಾದ ನಮ್ಮ ಊರುಗಳಲ್ಲಿ ನೀರುಣಿಸುವ ಈ ಅವಧಿಯನ್ನು ಕಡಮೆಮಾಡಿ ಉಳಿಸುವ ಹಣ ಮುಂದೆ ಹತ್ತುಪಟ್ಟಾಗಿ ಕೈಬಿಡುತ್ತದೆ. ಸರಳಿನ ಕೆಳಗೆ ಬಿಲ್ಲೆಗಳನ್ನಿಡದೆ ಅದನ್ನು ಹಲಗೆಗೆ ತಾಗಿಸಿ ಕಾಂಕ್ರೀಟು ಸುರಿಯುವುದು, ಉಪ್ಪುನೀರನ್ನು ಬಳಸುವುದು, ಮಾಳಿಗೆಯ ಮೇಲೆ ಮಳೆನೀರು ನಿಲ್ಲಲು ಬಿಡುವುದು, ಶೌಚಗೃಹದ ಸೋರಿಕೆಯನ್ನು ಅಲಕ್ಷಿಸುವುದು ಇವು ಒಳಗಿನ ಉಕ್ಕಿಗೆ ಮಾಡುವ ದ್ರೋಹಗಳು. ಛಾವಣಿಯ ತಳದಲ್ಲಿ ಸರಳಿನ ಜಾಡಿನಲ್ಲಿಯೇ ಕಂದುಬಣ್ಣದ ಗೆರೆ ಕಾಣಿಸಿದಾಗ ಬಣ್ಣ ಬಳಿದು ಮರೆಮಾಡದೆ ಬಲ್ಲ ಇಂಜಿನಿಯರನ್ನು ಕರೆಯುವುದು ಮಕ್ಕಳ ಪ್ರಾಣರಕ್ಷಣೆಯ ಪ್ರಶ್ನೆ.

ದಾನಿಗಳ ಅವಗಾಹನೆಗೆ ಬರಬೇಕಾದ ವಿಷಯವೊಂದಿದೆ. ಕಟ್ಟಡದ ಅಡಿಗಲ್ಲಿಗೂ ಉದ್ಘಾಟನೆಗೂ ದಾನ ಹರಿದುಬರುವಷ್ಟು ಸುಲಭವಾಗಿ ಅದರ ಪೋಷಣೆಗೆ ಹರಿದುಬರುವುದಿಲ್ಲ. ಸೋರಿಕೆ ತಡೆದವರ, ಬಿರುಕು ಪರೀಕ್ಷಿಸಿದವರ ಹೆಸರನ್ನು ಯಾವ ಶಿಲಾಫಲಕವೂ ಹೊತ್ತಿರುವುದಿಲ್ಲ. ಆರೆಗನ್ನಿನ ಆಲ್ಸಿ ಸೇತುವೆಯನ್ನು ಕಟ್ಟಿದವರ ಕೌಶಲದಲ್ಲಿ ಕೊರತೆಯಿರಲಿಲ್ಲ. ಕಾಯುವ ಉಪಾಯ ಸಕಾಲದಲ್ಲಿ ಒದಗಲಿಲ್ಲ. ಉಪಾಯ ಒದಗಿದ ಕೇಪ್ ಕ್ರೀಕಿನ ಕಮಾನುಗಳು ಅದೇ ಕಡಲಗಾಳಿಯಲ್ಲಿ ನಿಂತಿವೆ. ಎರಡಕ್ಕೂ ಇರುವ ಅಂತರ ಅಷ್ಟೇ.

ಸ್ಥಾವರವು ಅಳಿವಿಗೆ ಒಳಗಾದುದೆಂಬ ತಿಳಿವಳಿಕೆಯನ್ನು ಶರಣರು ಎಂಟು ಶತಮಾನಗಳಿಗೂ ಹಿಂದೆಯೇ ಈ ನಾಡಿಗೆ ಕೊಟ್ಟರು. ಆ ಅರಿವು ಕಟ್ಟಡವನ್ನು ಅಲಕ್ಷಿಸಲು ನೆಪವಾಗಬಾರದು. ಅಳಿಯುವ ಸ್ಥಾವರವು ಒಂದಷ್ಟು ಕಾಲ ಬಾಳಬೇಕಾದರೆ ಅದರ ಸುತ್ತ ನಿರಂತರವಾದ ಕಾಯಕ ನಡೆಯುತ್ತಿರಬೇಕು. ತೆಳ್ಳಗಿನ ಸತುವಿನ ಹೊದಿಕೆ ಮಾಡುವುದೂ ಅದನ್ನೇ. ದಿನದಿನವೂ ತನ್ನನ್ನು ತುಸು ತುಸುವಾಗಿ ವ್ಯಯಮಾಡಿಕೊಂಡು ಒಳಗಿನದನ್ನು ಉಳಿಸುತ್ತದೆ. ಅದು ಸವೆದಾಗ ಮತ್ತೆ ಎರಚಬೇಕು. ಶಾಲೆಯ ಛಾವಣಿಯ ಕೆಳಗೆ ಕುಳಿತು ಓದುವ ಮಕ್ಕಳಿಗಾಗಿ ವರ್ಷಕ್ಕೊಮ್ಮೆ ಆ ಛಾವಣಿಯನ್ನು ಪರೀಕ್ಷಿಸುವ ಕ್ರಮವನ್ನೂ, ಅದಕ್ಕೆ ಬೇಕಾದ ಸಣ್ಣ ಮೂಲಧನವನ್ನೂ ಪ್ರತಿಯೊಂದು ಸಂಸ್ಥೆಯು ಏರ್ಪಡಿಸಿಕೊಳ್ಳುವುದಾದರೆ, ಅದು ಹೊಸ ಕಟ್ಟಡದ ದಾನಕ್ಕಿಂತ ಕಡಮೆಯಲ್ಲದ ದಾಸೋಹವೆನಿಸುವುದು.